ನಾಲ್ಕು ಬೆರಳು ತಗ್ಗಿದ ಸೀಟು

"ಇಳೀರಿ ಕೌಂಟರಮ್ಮಾ, ಬಿದ್ದುಗಿದ್ದು ಬಿಟ್ಟೀರಿ!"

"ಓಡದೇ ಇರೋ ಸೈಕಲ್ಲಿಂದ ಬೀಳೋಕೆ ನಾನೇನು ಮಗುವಾ? ಹ್ಯಾಂಡಲ್ ಗಟ್ಟಿಯಾಗಿ ಹಿಡ್ಕೋ. ಮಾತು ಆಮೇಲೆ."

ತಂಗಿ ಹ್ಯಾಂಡಲ್ ಹಿಡಿದಳು. ಕೌಂಟರಮ್ಮ ಎರಡೂ ಕಾಲನ್ನು ಪೆಡಲಿನ ಮೇಲಿಟ್ಟರು. ಮಂಡಿಗಳು ಮಡಚಿಕೊಂಡು ಹೆಚ್ಚುಕಡಿಮೆ ಹೊಟ್ಟೆಗೇ ಬಂದು ತಾಗಿದವು. ಅವರು ಹಾಗೇ ಸ್ವಲ್ಪ ಹೊತ್ತು ಕೂತರು.

"ನಾನೂ ನಿಮ್ಮಕ್ಕನೂ ಎತ್ತರದಲ್ಲಿ ಒಂದೇ ಅಂದೆ ಅಲ್ವೇನೇ?"

"ಒಂದೇ. ಬೆನ್ನಿಗೆ ಬೆನ್ನು ಕೊಟ್ಟು ನಿಂತರೂ ವ್ಯತ್ಯಾಸ ಗೊತ್ತಾಗಲ್ಲ."

"ಹಾಗಾದ್ರೆ ಈ ಸೈಕಲ್ಲು ನಿಮ್ಮಕ್ಕನದಲ್ಲ. ಇದರ ಮೇಲೆ ಕೂತು ಬೀದಿ ಕೊನೆ ತನಕ ಹೋದ್ರೂ ಮಂಡಿ ಕಳಚಿ ಕೈಗೆ ಬರುತ್ತೆ."

ನಿನ್ನೆ ಸಂಜೆ ತನ್ನ ಔಷಧಿ ಅಂಗಡಿಗೆ ಬೀಗ ಹಾಕಿ ಹೊರಟ ಅಕ್ಕ ಮನೆ ಸೇರಿರಲಿಲ್ಲ. ನಾಳೆ ಬೆಳಗಿನ ರೈಲಿಗೆ ಗಂಡ ಹೆಂಡತಿ ಇಬ್ಬರೂ ಸೈಕಲ್‌ಗಳ ಸಮೇತ ದ್ರಾಕ್ಷಿ ಸೀಮೆಗೆ, ವೈನ್ ತೋಟಗಳ ನಡುವೆ ಒಂದು ವಾರ ಸುತ್ತಿ ಬರಲು ಹೊರಡಬೇಕಿತ್ತು. ಠಾಣೆಯವರು "ದೊಡ್ಡ ಹೆಂಗಸು, ಬರ್ತಾರೆ, ನಾಳೆ ತನಕ ನೋಡಿ" ಎಂದು ಕೈತೊಳೆದುಕೊಂಡಿದ್ದರು. ಬೆಳಗ್ಗೆ ತಂಗಿ ಕೌಂಟರಮ್ಮನ ಬಾಗಿಲು ಬಡಿದಿದ್ದಳು. ಪ್ರವಾಸದ ವಿಷಯವೇ ತನಗೆ ರಾತ್ರಿ ಭಾವ ಫೋನ್ ಮಾಡಿದಾಗ ತಿಳಿದದ್ದು ಎಂದಿದ್ದಳು.

"ಭಾವ," ಎಂದಳು ತಂಗಿ, ನಡುಮನೆಯ ಆ ತುದಿಯಲ್ಲಿ ಕುಳಿತಿದ್ದವನ ಕಡೆ ತಿರುಗಿ. ಅವಳ ಮುಖ ಗೊಂದಲದಿಂದ ಸಿಟ್ಟಿಗೆ ಜಾರಿತು. "ಇದು ಯಾರ ಸೈಕಲ್ಲು? ಅಕ್ಕನ ಜಾಗದಲ್ಲಿ ಯಾವ ಕುಳ್ಳೀನ ಕರ್ಕೊಂಡು ಹೋಗ್ಬೇಕು ಅಂತಿದ್ರಿ?"

ಭಾವ ವೃತ್ತಿಯಿಂದ ಹಲ್ಲಿನ ಸೆಟ್ಟು ಕಟ್ಟುವವನು. ದಂತವೈದ್ಯರು ಕಳಿಸುವ ಅಚ್ಚಿನ ಮೇಲೆ ಕೂದಲೆಳೆ ವ್ಯತ್ಯಾಸವಾಗದಂತೆ ಹಲ್ಲು ಕೂರಿಸುವ ಕೈ ಅವನದು. ಆ ಕೈ ಈಗ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ನನಗೂ ಅರ್ಥ ಆಗ್ತಿಲ್ಲ," ಎಂದ. "ಸೈಕಲ್ಲು ಅವಳದೇ. ಅಳತೆ ತಗೊಂಡಿದ್ದು ನಾನೇ. ಈ ಸೀಟು ಹೇಗೆ ಇಷ್ಟು ಕೆಳಗೆ ಬಂತೋ... ದೇವರಾಣೆ ಗೊತ್ತಿಲ್ಲ."

ಕೌಂಟರಮ್ಮ ಸೈಕಲ್ಲಿನಿಂದ ಇಳಿದು ಸೊಂಟ ಹಿಡಿದುಕೊಂಡರು.

ರೈಲ್ವೆಯಲ್ಲಿ ಕಳೆದುಹೋದ ಸಾಮಾನುಗಳ ಕೌಂಟರಿನ ಹಿಂದೆ ಇಡೀ ನೌಕರಿ ಕಳೆದವರು ಅವರು. ನಿವೃತ್ತಿಯಾದ ಮೇಲೂ ಜನ ಬಂದು ಕೇಳುತ್ತಲೇ ಇದ್ದರು. ಮೊದಮೊದಲು ಪೆಟ್ಟಿಗೆ, ಆಮೇಲೆ ನಾಯಿ, ಕೊನೆಗೆ ಮನುಷ್ಯರು. ಕೌಂಟರು ಹೋಯಿತು, ಹೆಸರು ಉಳಿಯಿತು.

ಅಲ್ಲಿ ಕೂತು ಅವರು ಕಲಿತದ್ದು ಒಂದೇ ವಿದ್ಯೆ. ಛತ್ರಿಯನ್ನು ನಿಜವಾಗಿ ಕಳೆದುಕೊಂಡವನು ಕಪ್ಪು ಛತ್ರಿ ಎನ್ನುವುದಿಲ್ಲ. ಒಂದು ಕಡ್ಡಿ ಬಗ್ಗಿದೆ, ಬಿಚ್ಚುವಾಗ ಬೆರಳು ಚಿವುಟುತ್ತದೆ ಎನ್ನುತ್ತಾನೆ. ಬಣ್ಣ, ಉದ್ದ, ಕಂಪನಿ ಹೇಳುವವನು ಬೇರೆಯವರ ಛತ್ರಿ ಹೊಡೆಯಲು ಬಂದವನು. ಇಲ್ಲವೇ ತನ್ನ ಛತ್ರಿ ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿರುವವನು.

ಬೆಳಗ್ಗೆ ಇಬ್ಬರನ್ನೂ ಬೇರೆಬೇರೆ ಕೂರಿಸಿ ಅದೇ ಪ್ರಶ್ನೆ ಕೇಳಿದ್ದರು. ಕಳೆದುಹೋದವರು ಹೇಗಿದ್ದಾರೆ, ಹೇಳಿ.

"ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಾಳೆ," ಎಂದಿದ್ದ ಭಾವ. "ಮುಂದಿನ ಒಂದು ಹಲ್ಲು ನಾನು ಕಟ್ಟಿದ್ದು. ಚೆನ್ನಾಗೇ ಕೂತಿದೆ, ಆದರೂ ಹಿಡೀತಾಳೆ. ಚಪ್ಪಲಿಯ ಎಡಗಾಲಿನ ಹಿಮ್ಮಡಿ ಮಾತ್ರ ಸವೆಯುತ್ತೆ. ಮಾತ್ರೆ ಎಣಿಸಿ ಎಣಿಸಿ ಅಕ್ಕಿ ಕಾಳು ಕಂಡರೂ ಬೆರಳಲ್ಲಿ ತಳ್ಳಿ ಎಣಿಸ್ತಾಳೆ..."

ತಂಗಿ ಎತ್ತರ ಹೇಳಿದ್ದಳು, ಮೈಬಣ್ಣ ಹೇಳಿದ್ದಳು, ಯಾವ ಬಣ್ಣದ ಕೋಟು ತೊಟ್ಟಿದ್ದಳೆಂದು ಹೇಳಿದ್ದಳು. ಪತ್ರಿಕೆಯಲ್ಲಿ ಬರುವ ಪ್ರಕಟಣೆಯಂತೆ.

ಆಗಿನಿಂದ ಕೌಂಟರಮ್ಮನ ತಲೆ ಗೋಜಲಾಗಿತ್ತು. ಅನುಮಾನ ಬರಬೇಕಾದ ಗಂಡನ ಮಾತಲ್ಲಿ ಅಳಲಿತ್ತು. ಅಳುತ್ತ ಬಂದ ತಂಗಿಯ ಮಾತಲ್ಲಿ ಅಳಲಿರಲಿಲ್ಲ. ಈಗ ಈ ಸೀಟು ಬೇರೆ. ಸೀಟು ನೋಡಿದರೆ ಗಂಡನೇ ಸುಳ್ಳುಗಾರ.

ಎರಡೂ ಹೇಗೆ ನಿಜವಾಗುತ್ತವೆ?

"ಒಂದು ಲೋಟ ಕಾಫಿ ಮಾಡ್ಕೊಂಡು ಬಾರಮ್ಮ," ಎಂದರು ತಂಗಿಗೆ. "ಸಕ್ಕರೆ ಕಡಿಮೆ ಹಾಕು, ತಲೆ ಓಡಬೇಕು."

ಊಟದ ಮೇಜಿನ ಮೇಲೆ ಊಟಕ್ಕೆ ಜಾಗವೇ ಇರಲಿಲ್ಲ. ದ್ರಾಕ್ಷಿ ಸೀಮೆಯ ದೊಡ್ಡ ನಕಾಶೆಯೊಂದು ಮೇಜಿನ ತುಂಬ ಹರಡಿತ್ತು. ಸುರುಳಿಯಾಗಿ ಮೇಲೇಳದಂತೆ ನಾಲ್ಕು ಮೂಲೆಗೂ ಪ್ಲಾಸ್ಟರಿನ ದವಡೆಗಳನ್ನು ಇಟ್ಟಿದ್ದ ಭಾವ. ನದಿಯ ಮೂಲೆಯ ದವಡೆಗೆ ಮುಂದಿನ ಹಲ್ಲುಗಳೇ ಇರಲಿಲ್ಲ.

"ಇವರ್ಯಾರು?"

"ಗಿರಾಕಿ. ಅವರ ಸೆಟ್ಟು ಮುಗಿಸಿ ಕೊಟ್ಟಾಯ್ತು."

"ಪುಣ್ಯಾತ್ಮರು, ರಜೆಗೆ ಎಲ್ಲರಿಗಿಂತ ಮೊದಲೇ ಹೋಗಿ ಕೂತಿದ್ದಾರೆ."

ಭಾವ ನಗಲಿಲ್ಲ. ಆದರೆ ನಕಾಶೆಯ ಮೇಲೆ ಕೈಯಾಡಿಸಿದ ಕೂಡಲೇ ಅವನ ದನಿಗೆ ಸ್ವಲ್ಪ ಜೀವ ಬಂತು. ತಿಂಗಳುಗಟ್ಟಲೆ ದುಡಿದ ಕೆಲಸದ ಬಗ್ಗೆ ಮಾತಾಡುವಾಗ ಯಾರಿಗಾದರೂ ಬರುವ ಜೀವ.

ಬೆಳಗಿನ ತಂಪಿನಲ್ಲಿ ಸೈಕಲ್ ತುಳಿಯುವುದು. ಬಿಸಿಲೇರುವ ಮೊದಲು ಏರು ದಾರಿ ಮುಗಿಸಿಬಿಡುವುದು. ತೋಟಗಳಿಗೆ ಹೋಗಿ ವೈನ್ ರುಚಿ ನೋಡುವುದು ಮಧ್ಯಾಹ್ನದ ಮೇಲೆ, ಅದೂ ತಂಗುವ ಮನೆಗೆ ಸಮೀಪದ ತೋಟಗಳಲ್ಲಿ ಮಾತ್ರ.

"ಮೊದಲೇ ಕುಡಿದುಬಿಟ್ರೆ ಏರು ಯಾವುದು ಇಳಿಜಾರು ಯಾವುದು ತಿಳಿಯಲ್ಲ," ಎಂದ. "ಕುಡಿಯೋದೂ ಅಷ್ಟೆ. ಬಾಯಲ್ಲಿ ಆಡಿಸಿ ಉಗುಳಿಬಿಡಬೇಕು. ಅಲ್ಲಿ ಅದಕ್ಕೇ ಬಕೆಟ್ ಇಟ್ಟಿರ್ತಾರೆ."

"ಅಷ್ಟು ದೂರ ತುಳಿದುಕೊಂಡು ಹೋಗಿ ಉಗುಳಿ ಬರ್ತೀರಾ?"

"ಅವಳೂ ಇದನ್ನೇ ಕೇಳಿದಳು." ಅವನು ಕಣ್ಣು ಒರೆಸಿಕೊಂಡ. "ಮದುವೆ ಆದಾಗಿನಿಂದ ಅಂಗಡಿಗೆ ಬೀಗ ಹಾಕಿ ಎಲ್ಲಿಗೂ ಬಂದವಳಲ್ಲ ಅಮ್ಮಾ. ಯಾರಿಗೋ ಔಷಧಿ ಬೇಕಾಗುತ್ತೆ ಅನ್ನೋಳು. ಈ ಸಲ ತಾನಾಗೇ ಹೂಂ ಅಂದಳು. ಆ ಹೂಂ ಕೇಳಿದ ದಿನ ನಾನು ಒಬ್ಬರ ಸೆಟ್ಟಿಗೆ ಮೇಲಿನ ಹಲ್ಲನ್ನ ಕೆಳಗೆ ಕೂರಿಸಿಬಿಟ್ಟಿದ್ದೆ."

ಗೋಡೆಯ ಬದಿಗೆ ಸೈಕಲ್ಲಿಗೆ ನೇತುಹಾಕುವ ಚೀಲಗಳು ಸಿದ್ಧವಾಗಿದ್ದವು. ಅವನದೊಂದು ಜೊತೆ, ಅವಳದೊಂದು ಜೊತೆ. ಅವಳ ಮೊಬೈಲು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದ್ದು ಹಾಕಿದ ಹಾಗೇ ಇತ್ತು. ಹೆಂಡತಿಯೊಬ್ಬಳನ್ನು ಬಿಟ್ಟರೆ ಪ್ರವಾಸಕ್ಕೆ ಬೇಕಾದ ಎಲ್ಲವೂ ಮನೆಯಲ್ಲೇ ಇತ್ತು.

ಕೌಂಟರಮ್ಮ ಗೋಡೆಯ ಫೋನೆತ್ತಿ ಸೈಕಲ್ ಅಂಗಡಿಗೆ ಫೋನ್ ಮಾಡಿದರು.

"ಸೀಟಾ? ಕೊಟ್ಟ ಅಳತೆಗೇ ಕೂರಿಸಿದ್ದೀವಿ ಮೇಡಂ," ಎಂದ ಅಂಗಡಿಯವನು. "ಕೆಂಪು ಟೇಪು ಸುತ್ತಿದ್ದೀನಿ ನೋಡಿ. ರೈಲಿಗೆ ಹಾಕುವಾಗ ಸೀಟು ಬಿಚ್ಚಿದ್ರೂ ಮತ್ತೆ ಅದೇ ಗುರುತಿಗೆ ಹಾಕ್ಕೋಬಹುದು."

"ಅಳತೆ ಎಷ್ಟು ಕೊಟ್ಟಿದ್ರು? ಯಾರು ಕೊಟ್ಟಿದ್ದು?"

ಅಳತೆ ಹೇಳಿದ. "ಕೊಟ್ಟಿದ್ದು ಒಬ್ಬ ಹೆಂಗಸು. ಅಂಗಡಿಗೇ ಬಂದಿದ್ರು. ನೋಡಿ ಓದಲಿಲ್ಲ, ಬಾಯಿಪಾಠ ಇದ್ದ ಹಾಗೆ ಥಟ್ಟಂತ ಹೇಳಿದ್ರು."

ಕೌಂಟರಮ್ಮ ಫೋನಿಟ್ಟರು. ಭಾವನ ಕಡೆ ತಿರುಗಿ, "ನೀವು ಹೇಗೆ ಅಳೆದಿರಿ, ನನಗೂ ತೋರಿಸಿ," ಎಂದರು.

ಅವನು ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಹಚ್ಚಿ ನಿಂತ. ದಪ್ಪನೆಯ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದ. ಪುಸ್ತಕದ ಅಂಚು ಗೋಡೆಗೆ ತಾಗಿದ ಕಡೆಯಿಂದ ನೆಲದವರೆಗೆ ಕೈಯಲ್ಲೇ ಗೆರೆ ಎಳೆದು ತೋರಿಸಿದ.

"ಹೀಗೆ. ನೆಲದ ತನಕ. ಅವಳಿಗೂ ಹೀಗೇ ಅಳೆದೆ. ಪುಸ್ತಕ ಹಿಡ್ಕೊಂಡು ನಿಂತು ಒಂದೇ ಸಮ ನಗ್ತಿದ್ದಳು. ಅಂಗಡಿ ನನ್ನ ದಾರೀಲೇ ಇದೆ, ನಾನೇ ಹೇಳಿಬರ್ತೀನಿ ಅಂದಳು."

ತಂಗಿ ಕಾಫಿ ತಂದಿಟ್ಟಳು. ಅವಳು ಹೊಲಿಗೆ ಅಂಗಡಿ ಇಟ್ಟವಳು. ಅಳತೆ ಟೇಪು ಯಾವಾಗಲೂ ಕುತ್ತಿಗೆಯ ಸುತ್ತ ಇರುತ್ತಿತ್ತು. ಅಕ್ಕ ಕಾಣೆಯಾದ ದಿನವೂ ಅದನ್ನು ತೆಗೆದಿಡುವುದು ಅವಳಿಗೆ ಹೊಳೆದಿರಲಿಲ್ಲ.

"ನಿಮ್ಮಕ್ಕನ ಬಟ್ಟೆ ಹೊಲಿಯೋದು ನೀನೇನಾ?" ಕೌಂಟರಮ್ಮ ಕಾಫಿ ಊದುತ್ತ ಕೇಳಿದರು.

"ಮತ್ತಿನ್ಯಾರು? ರೆಡಿಮೇಡು ತಂದ್ರೆ ನಾನು ಮಾತು ಬಿಡ್ತೀನಿ."

"ಪ್ಯಾಂಟಿಗೆ ಅವಳ ಕಾಲಿನ ಒಳಗಡೆ ಅಳತೆ ಎಷ್ಟು?"

ತಂಗಿ ಯೋಚಿಸಲೂ ಇಲ್ಲ. ಥಟ್ಟನೆ ಹೇಳಿದಳು.

ಸೈಕಲ್ ಅಂಗಡಿಯವನು ಹೇಳಿದ್ದೂ ಅದೇ ಅಳತೆ. ಒಂದು ನೂಲೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಹೇಗೆ ಅಳೀತಿ? ನಿನ್ನ ಕಾಲಿಗೇ ಹಿಡಿದು ತೋರಿಸು ನೋಡೋಣ."

ತಂಗಿ ಟೇಪು ತೆಗೆದು ತೊಡೆಯ ಮೇಲಿನಿಂದ ಕೆಳಕ್ಕೆ ಬಿಟ್ಟಳು. ಬೆರಳು ಜಾರುತ್ತ ಬಂದು ಪಾದದ ಗಂಟಿನ ಹತ್ತಿರ ನಿಂತಿತು.

"ಅಲ್ಲಿಗೇ ನಿಲ್ಲಿಸಿದೆಯಲ್ಲ?"

"ಇನ್ನೆಲ್ಲಿಗೆ ಹೋಗ್ಲಿ? ಪ್ಯಾಂಟು ಗಂಟಿಗೆ ನಿಲ್ಲಬೇಕು. ನೆಲ ಗುಡಿಸೋಕೆ ಹೊಲೀತೀನಾ?"

"ಸೀಟಿಗೆ ಬೇಕಾಗೋದು ನೆಲದ ತನಕದ ಅಳತೆ ಕಣಮ್ಮ." ಕೌಂಟರಮ್ಮ ಲೋಟ ಕೆಳಗಿಟ್ಟರು. ಬಗ್ಗಿ, ತಂಗಿಯ ಪಾದದ ಗಂಟಿನಿಂದ ನೆಲದವರೆಗೆ ತಮ್ಮ ಕೈ ಅಡ್ಡ ಹಿಡಿದರು. ನಾಲ್ಕು ಬೆರಳು ಸರಿಯಾಗಿ ಕೂತವು. "ಈ ನಾಲ್ಕು ಬೆರಳು ಸೀಟಲ್ಲಿ ಇಲ್ಲ. ಕುಳ್ಳಿನೂ ಇಲ್ಲ, ಗಿಳ್ಳಿನೂ ಇಲ್ಲ. ಆ ಸೈಕಲ್ಲು ನಿಮ್ಮಕ್ಕನಿಗೇ ಕೂರಿಸಿದ್ದು. ಅಳತೆ ಮಾತ್ರ ದರ್ಜಿ ಕೊಟ್ಟಿದ್ದು."

ಟೇಪಿನ ತುದಿ ತಂಗಿಯ ಕೈಯಿಂದ ಜಾರಿ ಕೆಳಗೆ ನೇತಾಡಿತು.

"ಬೆಳಗ್ಗೆ ನೀನು ನನಗೆ ಏನು ಹೇಳಿದ್ದು? ಈ ಸೈಕಲ್ ಪ್ರವಾಸದ ವಿಷಯ ನನಗೆ ತಿಳಿದಿದ್ದೇ ನಿನ್ನೆ ರಾತ್ರಿ, ಭಾವ ಫೋನ್ ಮಾಡಿದಾಗ ಅಂತ. ನಿನ್ನೆ ರಾತ್ರಿ ತಿಳಿದವಳು ಅದಕ್ಕೂ ಮೊದಲೇ ಸೈಕಲ್ ಅಂಗಡಿಗೆ ಹೋಗಿ ಅಳತೆ ಹೇಳಿದ್ದು ಹೇಗೆ?"

"ನಾನು... ಅದು..."

"ನಿಮ್ಮಕ್ಕ ಎಲ್ಲಿದಾಳೆ?"

"ನನಗೇನು ಗೊತ್ತು!"

"ಗೊತ್ತು. ಬೆಳಗ್ಗೆಯಿಂದ ಗೊತ್ತು. ನೀನು ಅಕ್ಕನನ್ನ ಕಳಕೊಂಡಿರ್ಲಿಲ್ಲ ಕಣೇ, ಎಲ್ಲೋ ಜೋಪಾನವಾಗಿಟ್ಟು ಬಂದಿದ್ದೆ. ನಿನ್ನಂಥವರನ್ನ ನಾನು ಕೌಂಟರಿನಲ್ಲಿ ಬೇಕಾದಷ್ಟು ಜನ ನೋಡಿದೀನಿ. ಹೇಳ್ತೀಯೋ, ನಿನ್ನನ್ನೂ ಆ ಸೈಕಲ್ಲಿಗೆ ಹತ್ತಿಸಿ ಠಾಣೆ ತನಕ ತುಳಿಸಲೋ?"

ತಂಗಿ ಕುರ್ಚಿಯ ಮೇಲೆ ಕುಸಿದಳು. ಭಾವ ಎದ್ದು ಅವಳ ಎದುರಿಗೆ ಬಂದು ನಿಂತ. ಬೈಯುವ ಮುಖವಾಗಿರಲಿಲ್ಲ ಅದು. ಬೆಪ್ಪಾದ ಮುಖ.

"ಅಕ್ಕನೇ ಹೇಳಿದ್ದು," ಎಂದಳು ತಂಗಿ. "ನಾನಾಗಿ ಏನೂ ಮಾಡಿಲ್ಲ. ಅಕ್ಕ ಭಾವನಿಗಿಂತ ಮೊದಲು ಒಬ್ಬಳೇ ಹೋಗ್ಬೇಕು ಅಂದಳು. ಭಾವ ಹಿಂದೆ ಬರದ ಹಾಗೆ ನೋಡ್ಕೋ ಅಂದಳು. ಮನೇಲಿ ಒಬ್ಬ ಡಿಟೆಕ್ಟಿವ್ ಬಂದು ಕೂತ್ರೆ ಭಾವ ಹೊಸಲು ದಾಟಲ್ಲ, ತಮ್ಮ ಮೇಲೇ ಅನುಮಾನ ಬರುತ್ತೆ ಅಂತ ಹೆದರ್ತಾರೆ ಅಂತ ಅವಳೇ..."

"ಓಹೋ." ಕೌಂಟರಮ್ಮ ಬೆನ್ನು ನೆಟ್ಟಗೆ ಮಾಡಿದರು. "ಅಂದ್ರೆ ಬೆಳಗ್ಗೆಯಿಂದ ನಾನು ಇಲ್ಲಿ ಪತ್ತೇದಾರಿ ಮಾಡ್ತಿಲ್ಲ. ಬಾಗಿಲಿಗೆ ಹಾಕಿರೋ ಬೀಗ ನಾನು."

"ತಪ್ಪಾಯ್ತು ಕೌಂಟರಮ್ಮಾ."

"ಅದನ್ನ ಆಮೇಲೆ ವಿಚಾರಿಸ್ಕೋತೀನಿ. ಸೈಕಲ್ ಅಂಗಡಿಗೆ ನೀನು ಯಾಕೆ ಹೋದೆ?"

"ಅಕ್ಕ ಆ ಹೊತ್ತಿಗೆ ತನ್ನ ಟಿಕೆಟ್ ತಗೊಳ್ಳೋಕೆ ಹೋಗಿದ್ದಳು, ಅಂಗಡಿಗೆ ನನ್ನನ್ನ ಕಳಿಸಿದಳು. ಭಾವ ಹೇಳಿದ ಅಳತೆ ಅವಳ ತಲೇಲೇ ಇತ್ತು, ನನಗೆ ಹೇಳೋದು ಮರೆತಿದ್ದಳು. ಅಂಗಡಿಯವರು ಕೇಳಿದ್ರು. ಅಕ್ಕನ ಕಾಲಳತೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಂತ ಹೇಳಿಬಿಟ್ಟೆ." ಅವಳು ಸೈಕಲ್ಲಿನ ಕಡೆ ನೋಡಿದಳು. "ಇಷ್ಟು ತಗ್ಗಾಗುತ್ತೆ ಅಂತ ನನಗೆ ಹೊಳೀಲೇ ಇಲ್ಲ. ನಿಜವಾಗ್ಲೂ ಇನ್ಯಾರೋ ಕುಳ್ಳಿ ಇದಾಳೆ ಅಂದ್ಕೊಂಡೆ. ಅಕ್ಕನ ಅನುಮಾನ ನಿಜಾನೇ ಅನ್ನಿಸ್ತು."

"ಅನುಮಾನವಾ?" ಭಾವನ ದನಿ ಬಿರಿಯಿತು. "ನನ್ನ ಮೇಲೆ? ಏನಂತ?"

"ನೀವೇ ಹೇಳ್ಬೇಕು ಭಾವ. ಆ ತೋಟದಲ್ಲಿ ಯಾರಿದಾರೆ?"

"ಯಾವ ತೋಟ?"

ತಂಗಿ ಎದ್ದು ಮೇಜಿನ ಹತ್ತಿರ ಹೋದಳು. ನಕಾಶೆಯ ಮೇಲೆ ಕೆಂಪು ಶಾಯಿಯಲ್ಲಿ ದಾರಿಗಳನ್ನು ಗುರುತಿಸಿತ್ತು. ದಿನಕ್ಕೊಂದು ದಾರಿ. ಒಂದು ನದಿಯ ಪಕ್ಕ ಹೋಗಿ ಬರುತ್ತಿತ್ತು, ಇನ್ನೊಂದು ಗುಡ್ಡ ಸುತ್ತುತ್ತಿತ್ತು, ಮತ್ತೊಂದು ಹಳೆಯ ಸೇತುವೆ ದಾಟುತ್ತಿತ್ತು.

"ಎಲ್ಲಾದ್ರೂ ಹೋಗ್ಲಿ, ಎಲ್ಲಾ ದಾರೀನೂ ಈ ಒಂದು ಗೇಟಿಗೆ ಬಂದೇ ಮುಂದೆ ಹೋಗುತ್ತೆ." ಅವಳ ಬೆರಳು ನಕಾಶೆಯ ಒಂದು ಚುಕ್ಕೆಯ ಮೇಲೆ ಕೂತಿತು. "ಇಲ್ಲಿಗೆ ಬರೋದಕ್ಕೆ ಅಂತಾನೇ ಸುತ್ತು ಹಾಕಿದಾರೆ ಅಂದಳು ಅಕ್ಕ. ಇವರು ಅರ್ಧ ಕಿಲೋಮೀಟರ್ ಹೆಚ್ಚಾದ್ರೂ ಬೇರೆ ದಾರಿ ಹುಡುಕೋ ಮನುಷ್ಯ, ದಿನಾ ಅದೇ ಗೇಟಿಗೆ ಯಾಕೆ ಹೋಗ್ತಾರೆ? ಅಲ್ಲಿ ಯಾರೋ ಇದಾರೆ, ನಾನು ಮೊದಲೇ ಹೋಗಿ ನೋಡ್ಕೊಂಡು ಬರ್ತೀನಿ ಅಂದಳು. ಇಲ್ಲದಿದ್ರೆ ವಾರಪೂರ್ತಿ ಬೆಪ್ಪಿನ ಹಾಗೆ ನಿಮ್ಮ ಹಿಂದೆ ತುಳೀಬೇಕಾಗುತ್ತೆ ಅಂದಳು."

ಭಾವ ನಕಾಶೆಯ ಮೇಲೆ ಬಗ್ಗಿದ.

"ಈ ಕೆಂಪು ಗೆರೆ ನಾನು ಎಳೆದಿದ್ದಲ್ಲ," ಎಂದ.

"ಭಾವ!"

"ಆಣೆ ಮಾಡಿ ಹೇಳ್ತೀನಿ. ಗೆರೆ ಎಳೆದಿದ್ದು ಅವಳು ಅಂದ್ಕೊಂಡಿದ್ದೆ. ಒಂದು ದಿನ ಕೆಲಸದಿಂದ ಬಂದು ನೋಡ್ತೀನಿ, ನಕಾಶೆ ಬಿಚ್ಚಿ ಹಾಸಿತ್ತು, ಗೆರೆ ಎಲ್ಲ ಎಳೆದಿತ್ತು. ಅವಳೂ ಆಸೆಪಟ್ಟು ದಾರಿ ಹುಡುಕಿದಾಳಲ್ಲ ಅಂತ ಖುಷಿಯಾಗಿ ಅದನ್ನೇ ಇಟ್ಕೊಂಡೆ. ಸುತ್ತು ಜಾಸ್ತಿ ಆಯ್ತು ಅಂತ ಬಾಯಿ ಬಿಟ್ಟು ಹೇಳಲೂ ಇಲ್ಲ. ಎಲ್ಲಿ ಬೇಜಾರು ಮಾಡ್ಕೋತಾಳೋ ಅಂತ."

"ಅವಳು ನೀವು ಎಳೆದದ್ದು ಅಂದ್ಕೊಂಡಳು," ಎಂದರು ಕೌಂಟರಮ್ಮ ಮೆಲ್ಲಗೆ. "ಒಬ್ಬರನ್ನೊಬ್ಬರು ಕೇಳಲಿಲ್ಲ."

"ಕೇಳಲಿಲ್ಲ."

"ಬೇಜಾರಾದೀತು ಅಂತ."

ಅವನು ತಲೆ ತಗ್ಗಿಸಿದ.

ಕೌಂಟರಮ್ಮನಿಗೆ ನಗು ಬರಬೇಕಾದ ಹೊತ್ತಲ್ಲ ಅದು. ಆದರೂ ಒಂದು ಕ್ಷಣ ತುಟಿ ಅಲುಗಿತು. ಅದರ ಹಿಂದೆಯೇ ಅವರೂ ನಕಾಶೆಯ ಮೇಲೆ ಬಗ್ಗಿದರು. ಗಂಡನೂ ಎಳೆದಿಲ್ಲ, ಹೆಂಡತಿಯೂ ಎಳೆದಿಲ್ಲ. ಹಾಗಾದರೆ ಇವರು ದಿನಾ ಆ ಗೇಟಿನ ಮುಂದೆ ಹಾಯಬೇಕೆಂದು ಬಯಸಿದವರು ಯಾರು?

"ನಕಾಶೆ ಎಲ್ಲಿಂದ ಬಂತು?"

"ಅಂಚೆಯಲ್ಲಿ. ನಾವು ತಂಗೋ ಮನೆಯವರು ಕಳಿಸಿರಬೇಕು. ಲಕೋಟೆ ಒಡೆದಿದ್ದು ಅವಳು. ಒಳಗೇ ಗೆರೆ ನೋಡಿ, ನಾನೇ ಹೇಳಿ ಹಾಕಿಸಿದ್ದು ಅಂದ್ಕೊಂಡಿರಬೇಕು."

"ಆ ತೋಟ ಯಾರದು?"

ಭಾವ ಗೇಟಿನ ಚುಕ್ಕೆ ನೋಡಿದ. ಉತ್ತರ ಬರಲು ಸ್ವಲ್ಪ ತಡವಾಯಿತು.

"ಗೊತ್ತಿಲ್ಲ," ಎಂದ.

ತಡವಾಗಿದ್ದು ಯೋಚನೆಯಿಂದಲೋ ದಣಿವಿನಿಂದಲೋ ಕೌಂಟರಮ್ಮನಿಗೆ ತಿಳಿಯಲಿಲ್ಲ. ಬೆಳಗ್ಗೆಯಿಂದ ಈ ಮನುಷ್ಯನ ಮಾತುಗಳಲ್ಲಿ ಅವರಿಗೆ ಹಿಡಿಯಲು ಸಿಗದೇ ಹೋದದ್ದು ಇದೊಂದೇ.

"ಅಕ್ಕ ರೈಲು ಹತ್ತಿದ್ದನ್ನ ನೀನು ನೋಡಿದ್ಯಾ?" ಎಂದು ತಂಗಿಯನ್ನು ಕೇಳಿದರು.

"ನಾನೇ ಹತ್ತಿಸಿ ಬಂದೆ. ಕೈ ಬೀಸಿದೆ. ಅದೇ ಮನೆಗೆ ಹೋಗಿ ಇಳ್ಕೋತೀನಿ, ಹೇಗೂ ಕಾದಿರಿಸಿದೀವಲ್ಲ ಅಂದಳು. ಮೊಬೈಲು ತಗೊಂಡ್ರೆ ಭಾವ ಫೋನ್ ಮಾಡ್ತಾರೆ, ಬೇಡ, ಅಲ್ಲಿಂದಲೇ ನಿನ್ನ ಮೊಬೈಲಿಗೆ ಮಾಡ್ತೀನಿ ಅಂದಳು." ತಂಗಿಯ ದನಿ ಸಣ್ಣದಾಯಿತು. "ಮಾಡಿಲ್ಲ."

"ಯಾವಾಗ ಮಾಡ್ಬೇಕಿತ್ತು?"

"ತಲುಪಿದ ಕೂಡಲೇ. ಮರೆತಿರಬೇಕು ಅಂದ್ಕೊಂಡೆ, ನಿದ್ದೆ ಬಂದಿರಬೇಕು ಅಂದ್ಕೊಂಡೆ. ಆದ್ರೆ ಅವಳು ಮರೆಯೋಳಲ್ಲ ಕೌಂಟರಮ್ಮಾ. ರೈಲು ಹತ್ತಿದ್ರೆ ಅವಳಿಗೆ ತಲೆ ಸುತ್ತುತ್ತೆ. ಕಿಟಕಿ ಪಕ್ಕ ಸೀಟು ಸಿಗದಿದ್ರೆ ಕರ್ಚೀಫು ಬಾಯಿಗೆ ಹಿಡ್ಕೊಂಡು ಕಣ್ಣು ಮುಚ್ಚಿ ಕೂರ್ತಾಳೆ, ಪಕ್ಕದವರು ಎಬ್ಬಿಸಿದ್ರೂ ಏಳಲ್ಲ. ಊರು ದಾಟಿದ್ರೂ ತಿಳಿಯಲ್ಲ. ಚಿಕ್ಕಂದಿನಿಂದ ಅವಳ ಪಕ್ಕ ನಾನೇ ಕೂರ್ತಿದ್ದೆ, ನಾನೇ ಎಬ್ಬಿಸ್ತಿದ್ದೆ. ನಿನ್ನೆ ಒಬ್ಬಳನ್ನೇ ಕಳಿಸಿಬಿಟ್ಟೆ..."

ಅವಳು ಅಳತೊಡಗಿದಳು. ಕೌಂಟರಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟರು. ಬೆಳಗ್ಗೆ ಈ ಹುಡುಗಿ ಅತ್ತದ್ದಕ್ಕೂ ಈಗ ಅಳುವುದಕ್ಕೂ ಅಜಗಜಾಂತರವಿತ್ತು. ಈಗ ಅಕ್ಕ ನಿಜವಾಗಿ ಕಳೆದುಹೋಗಿದ್ದಳು.

"ಆ ಮನೆಯ ನಂಬರು ಕೊಡಿ ಸ್ವಾಮಿ," ಎಂದರು ಭಾವನಿಗೆ.

ಫೋನು ಬಹಳ ಹೊತ್ತು ಬಡಿದುಕೊಂಡಿತು. ಕೊನೆಗೆ ವಯಸ್ಸಾದ ಹೆಂಗಸಿನ ದನಿ ಕೇಳಿತು. ಹಿಂದೆ ಎಲ್ಲೋ ಪಾತ್ರೆ ತೊಳೆಯುವ ಸದ್ದು.

"ನಾಳೆ ನಿಮ್ಮಲ್ಲಿಗೆ ಬರಬೇಕಿದ್ದ ಗಂಡ ಹೆಂಡತಿ, ಸೈಕಲ್ ತಗೊಂಡು ಬರ್ತೀವಿ ಅಂತ ಹೇಳಿದ್ದವರು, ಅವರ ವಿಷಯ ಕೇಳಬೇಕಿತ್ತು," ಎಂದರು ಕೌಂಟರಮ್ಮ.

"ಅಯ್ಯೋ, ಅವರು ನಿನ್ನೆ ರಾತ್ರಿನೇ ಬಂದ್ರಲ್ಲ ತಾಯಿ! ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ರು ಅಂತ ನಮಗೆ ಒಂದೇ ಗಡಿಬಿಡಿ. ಹಾಸಿಗೆ ಬಟ್ಟೆ ಕೂಡ ಹಾಸಿರ್ಲಿಲ್ಲ."

"ಬಂದ್ರಾ? ಹೆಂಗಸು ಒಬ್ಬರೇ ತಾನೆ?"

"ಒಬ್ಬರೇ ಯಾಕೆ? ಯಜಮಾನ್ರೂ ಬಂದಿದಾರೆ. ಬಹಳ ಒಳ್ಳೆ ಮನುಷ್ಯ, ಮಾತು ಕಡಿಮೆ. ಈಗಷ್ಟೇ ತೋಟದ ಕಡೆ ಹೊರಟ್ರು. ಅವರ ಮನೆಯವರು ಇಲ್ಲೇ ಮಹಡಿ ಮೇಲಿದಾರೆ, ಕರೀಲಾ?"

ಕೌಂಟರಮ್ಮ ಕಣ್ಣೆತ್ತಿ ಮೇಜಿನ ಹತ್ತಿರ ನಿಂತಿದ್ದ ಗಂಡನನ್ನು ನೋಡಿದರು. ನಿನ್ನೆ ರಾತ್ರಿಯಿಂದ ಈ ಮನೆಯಲ್ಲೇ ಇದ್ದ ಗಂಡ. ಬೆಳಗ್ಗೆಯಿಂದ ತಮ್ಮ ಕಣ್ಣೆದುರೇ ಕೂತಿದ್ದ ಗಂಡ.

"ಕರೀರಿ ತಾಯಿ," ಎಂದರು. ಫೋನನ್ನು ತಂಗಿಯ ಕೈಗೆ ಕೊಟ್ಟರು. "ಅಕ್ಕ ಅಲ್ಲಿದಾಳಂತೆ. ಮಾತಾಡು. ಜೊತೇಲಿ ಯಾರಿದಾರೆ ಕೇಳು."

ತಂಗಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಣ್ಣೀರಿನ ನಡುವೆಯೇ ಮುಖ ಅರಳಿತು. ಆ ಕಡೆಯಿಂದ ಮೆಟ್ಟಿಲಿಳಿಯುವ ಸದ್ದು ಇವರಿಗೂ ಸಣ್ಣಗೆ ಕೇಳಿತು.

"ಅಕ್ಕಾ? ಎಷ್ಟು ಹೆದರಿಸಿಬಿಟ್ಟೆ ಕಣೇ! ಯಾಕೆ ಫೋನ್ ಮಾಡ್ಲಿಲ್ಲ? ತಲೆ ಸುತ್ತಿತಾ? ಅಕ್ಕಾ...?"

ಅವಳ ಮಾತು ನಿಂತಿತು. ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಇದು ಅಕ್ಕ ಅಲ್ಲ," ಎಂದಳು. "ಅಕ್ಕನ ಹಾಗೇ ಮಾತಾಡ್ತಿದಾಳೆ. ನನ್ನನ್ನ ಪುಟ್ಟೀ ಅಂತ ಕರೀತಿದಾಳೆ. ಚೆನ್ನಾಗಿದೀನಿ ಪುಟ್ಟೀ, ಗಾಬರಿ ಆಗ್ಬೇಡ ಅಂತಿದಾಳೆ. ಆದ್ರೆ ಇದು ನಮ್ಮಕ್ಕನ ದನಿ ಅಲ್ಲ ಕೌಂಟರಮ್ಮಾ."

"ಮಾತು ಬಿಡಬೇಡ. ಏನಾದ್ರೂ ಕೇಳ್ತಾ ಇರು."

ತಂಗಿ ಮತ್ತೆ ಕಿವಿಗೊಟ್ಟಳು. ಫೋನನ್ನು ಮುಂದಕ್ಕೆ ಚಾಚಿದಳು.

"ನಿಮ್ಮನ್ನ ಕೇಳ್ತಿದಾಳೆ ಭಾವ."

ಭಾವ ಬಂದ. ಫೋನನ್ನು ಕಿವಿಗೆ ಹಚ್ಚಿದ. ಗೋಡೆಯ ಕಡೆ ಮುಖ ಮಾಡಿ ನಿಂತ. ಕೌಂಟರಮ್ಮನಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅದು ಮೊದಲು ಬಿಗಿಯಿತು. ಆಮೇಲೆ ನಿಧಾನವಾಗಿ, ಬಹಳ ನಿಧಾನವಾಗಿ, ಬಾಗಿತು.

ಅವನು ಕೇಳಿಸಿಕೊಂಡ, ಅಷ್ಟೆ. ಕೊನೆಗೆ, "ಹೂಂ, ಬರ್ತೀನಿ," ಎಂದು ಫೋನಿಟ್ಟ.

ತಿರುಗಿದಾಗ ಅವನ ಮುಖ ಒರೆಸಿಟ್ಟಷ್ಟು ಶಾಂತವಾಗಿತ್ತು.

"ಯಾರದು?" ಎಂದರು ಕೌಂಟರಮ್ಮ.

"ನನ್ನ ಹೆಂಡತಿ," ಎಂದ ಭಾವ, ತನ್ನ ಛತ್ರಿ ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿರುವವನ ದನಿಯಲ್ಲಿ. "ಚೆನ್ನಾಗಿದಾಳೆ. ನಿಮಗೆ ತೊಂದರೆ ಕೊಟ್ವಿ ಅಮ್ಮಾ. ನೀವಿನ್ನು ಹೊರಡಬಹುದು."